ಸೌದೆ ಗಾಡಿಗೆ ಇನ್ಶೂರೆನ್ಸ್ ಇದೆ. ಆದರೆ ಯಾವ ಕೆಲಸಕ್ಕೆ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬೆಳಗಿನ ಜಾವ ಐದರ ಹೊತ್ತಿಗೆ ನಿಂತರೆ, ಹಾಲಿನ ವ್ಯಾನು ಮತ್ತು ತರಕಾರಿ ಗಾಡಿಗಳ ನಡುವೆ ಸೌದೆ ತುಂಬಿದ ಒಂದೆರಡು ಟ್ರ್ಯಾಕ್ಟರುಗಳಾದರೂ ಊರೊಳಗೆ ಬರುವುದನ್ನು ಕಾಣಬಹುದು. ಈಚೆಗೆ ನಾನು ಕಂಡ ಒಂದು ಟ್ರಾಲಿಯಲ್ಲಿ ನೀಲಗಿರಿ ಕೊರಡುಗಳನ್ನು ಪಕ್ಕದ ತಗಡಿಗಿಂತ ಎರಡು ಅಡಿ ಮೇಲಕ್ಕೆ ಪೇರಿಸಿ, ನೈಲಾನ್ ಹಗ್ಗವನ್ನು ಅಡ್ಡಡ್ಡ ಬಿಗಿದಿದ್ದರು. ಹಿಂದಕ್ಕೆ ಚಾಚಿದ್ದ ಒಂದು ಕೊರಡಿನ ತುದಿಗೆ ಕೆಂಪು ಬಟ್ಟೆ ಕಟ್ಟಿತ್ತು. ಟ್ರಾಲಿಯ ಹಿಂಭಾಗದಲ್ಲಿ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇರಲಿಲ್ಲ. ಲೋಡಿನ ಮೇಲೆ ಮೂವರು ಹಮಾಲರು ಟವೆಲ್ಲನ್ನು ತಲೆಗೆ ಸುತ್ತಿ ಕೂತಿದ್ದರು, ನಾಲ್ಕನೆಯವನು ಚಾಲಕನ ಪಕ್ಕದ ಮಡ್‌ಗಾರ್ಡ್ ಮೇಲೆ. ಹೋಟೆಲೊಂದರ ಮುಂದೆ ಗಾಡಿ ನಿಂತಾಗ ಚಾಲಕನನ್ನು ಮಾತಿಗೆಳೆದೆ. ಕಾಗದಪತ್ರದ ಮಾತು ಬಂದೊಡನೆ ಅವನು, "ಇನ್ಶೂರೆನ್ಸ್ ಐತ್ರಿ ಸಾರ್, ಮೊನ್ನೆ ತಾನ ಕಟ್ಟೀವಿ" ಎಂದ.

ಅವನು ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಆ ಟ್ರ್ಯಾಕ್ಟರ್ ಯಾರದು, ಸೌದೆ ಯಾರದು, ಸಾಗಿಸುವುದಕ್ಕೆ ಬಾಡಿಗೆ ಗೊತ್ತಾಗಿದೆಯೇ, ಮೇಲೆ ಕೂತ ಮೂವರಿಗೆ ಕೂಲಿ ಕೊಡುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ, ಆ ಪಾಲಿಸಿ ಅಪಘಾತದ ದಿನ ಯಾರ ಕೈಹಿಡಿಯುತ್ತದೆ ಎಂದು ಹೇಳಲು ಬರುವುದಿಲ್ಲ. ವಾಹನದ ವಿಮೆ ಗಾಡಿಗೆ ಮಾಡಿಸುವ ವಿಮೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಗಾಡಿಯನ್ನು ಒಂದು ನಿರ್ದಿಷ್ಟ ಕೆಲಸಕ್ಕೆ ಬಳಸುತ್ತೇನೆ ಎಂಬ ಮಾತಿಗೆ ಕೊಟ್ಟ ವಿಮೆ. ಸೌದೆ ಸಾಗಣೆಯಲ್ಲಿ ಆ ಮಾತಿಗೂ ನಡೆಯುವ ಕೆಲಸಕ್ಕೂ ಇರುವ ಅಂತರ ದಿನನಿತ್ಯದ್ದು, ಹಾಗಾಗಿಯೇ ಯಾರ ಕಣ್ಣಿಗೂ ಬೀಳದ್ದು.

ಗ್ಯಾಸ್ ಸಿಲಿಂಡರ್ ಮನೆಮನೆಗೆ ಬಂದ ಮೇಲೂ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಸೌದೆಯ ವ್ಯಾಪಾರ ನಿಂತಿಲ್ಲ. ಬೆಣ್ಣೆ ದೋಸೆಯ ಹೋಟೆಲುಗಳು ಸೌದೆ ಒಲೆಯನ್ನೇ ನಂಬಿವೆ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಸುಗ್ಗಿ ಶುರುವಾದರೆ ಸುಲಿದ ಅಡಿಕೆ ಬೇಯಿಸುವ ಹಂಡೆಗಳ ಕೆಳಗೆ ತಿಂಗಳುಗಟ್ಟಲೆ ಬೆಂಕಿ ಆರುವುದಿಲ್ಲ. ಕಲ್ಯಾಣ ಮಂಟಪದ ಅಡುಗೆಮನೆ, ಇಟ್ಟಿಗೆ ಗೂಡು, ಕೊನೆಗೆ ಸ್ಮಶಾನ, ಎಲ್ಲಕ್ಕೂ ಸೌದೆ ಬೇಕು. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಬಯಲಿನ ಬಳ್ಳಾರಿ ಜಾಲಿ, ಹೊಲದ ಬದುವಿನ ನೀಲಗಿರಿ ಮತ್ತು ಸುಬಾಬುಲ್, ತೋಟದಲ್ಲಿ ಉರುಳಿದ ತೆಂಗು ಈ ಬೇಡಿಕೆಯನ್ನು ಪೂರೈಸುತ್ತವೆ. ಸಾಗಣೆಯ ದೂರ ಹೆಚ್ಚಿಲ್ಲ. ಆದರೆ ಆ ಸಣ್ಣ ದೂರದಲ್ಲೇ ಹಳ್ಳಿಯ ದಾರಿಯಿಂದ ಬಂದ ಗಾಡಿ ರಾಷ್ಟ್ರೀಯ ಹೆದ್ದಾರಿ 48ನ್ನೋ, ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ 50ನ್ನೋ, ಹಿರಿಯೂರು–ಚಳ್ಳಕೆರೆ–ಬಳ್ಳಾರಿ ದಾರಿಯಾದ 150ಎಯನ್ನೋ ಹತ್ತಬೇಕು ಅಥವಾ ದಾಟಬೇಕು. ನೂರರ ವೇಗದ ಬಸ್ಸು, ಕಂಟೇನರುಗಳ ನಡುವೆ ಇಪ್ಪತ್ತರ ವೇಗದಲ್ಲಿ ಸಾಗುವ ದೀಪವಿಲ್ಲದ ಟ್ರಾಲಿ ಎಂಥ ಅಪಾಯ ಎಂಬುದನ್ನು ಈ ದಾರಿಯಲ್ಲಿ ರಾತ್ರಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ವಿಮೆಯ ಮೂಲ ಲೆಕ್ಕ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 146ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿಯೊಂದು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ, ಅಂದರೆ ಗಾಡಿಯಿಂದ ಬೇರೆಯವರಿಗಾಗುವ ಹಾನಿಯನ್ನು ತುಂಬಿಕೊಡುವ ವಿಮೆ ಕಡ್ಡಾಯ. ಇಲ್ಲದೆ ಓಡಿಸಿದರೆ ಸೆಕ್ಷನ್ 196ರಡಿ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸಜೆ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ, ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನದ ಥರ್ಡ್ ಪಾರ್ಟಿ ಪ್ರೀಮಿಯಂ 16,049 ರೂಪಾಯಿ. 7,500ರಿಂದ 12,000 ಕೆ.ಜಿ.ವರೆಗೆ 27,186, 12,000ದಿಂದ 20,000 ಕೆ.ಜಿ.ವರೆಗೆ 35,313. ತೆರಿಗೆ ಪ್ರತ್ಯೇಕ. ಕೃಷಿ ಟ್ರ್ಯಾಕ್ಟರಿನ ಪ್ರೀಮಿಯಂ ಇದಕ್ಕೆ ಹೋಲಿಸಿದರೆ ಬಹಳ ಕಡಿಮೆ. ರೈತನಿಗೆ ಹೊರೆಯಾಗಬಾರದೆಂಬ ಸದುದ್ದೇಶದ ಈ ರಿಯಾಯಿತಿಯೇ ಬಾಡಿಗೆ ಸಾಗಣೆಯನ್ನು ಟ್ರ್ಯಾಕ್ಟರಿನ ಕಡೆಗೆ ಎಳೆಯುತ್ತದೆ ಎಂಬುದು ನನ್ನ ಅಂದಾಜು. ಪರ್ಮಿಟ್ಟಿನ ಗೋಜಿಲ್ಲ, ತೆರಿಗೆ ಕಡಿಮೆ, ವಿಮೆ ಕಡಿಮೆ. ಉಳುಮೆ ಮುಗಿದ ಮೇಲೆ ಶೆಡ್ಡಿನಲ್ಲಿ ನಿಂತ ಗಾಡಿ ನಾಲ್ಕು ಕಾಸು ದುಡಿದರೆ ತಪ್ಪೇನು ಎಂಬ ಲೆಕ್ಕಾಚಾರ ಸಹಜವಾದದ್ದೇ.

ತೊಡಕಿರುವುದು ಪಾಲಿಸಿಯಲ್ಲಿ 'ಬಳಕೆಯ ಮಿತಿ' ಎಂಬರ್ಥದ ಶೀರ್ಷಿಕೆಯಡಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಎರಡು ಸಾಲುಗಳಲ್ಲಿ. ಕೃಷಿ ಟ್ರ್ಯಾಕ್ಟರಿನ ಪಾಲಿಸಿ ಕೃಷಿ ಬಳಕೆಗೆ ಮಾತ್ರ, ಬಾಡಿಗೆಗೆ ಅಲ್ಲ. ಸರಕು ವಾಹನದ ಪಾಲಿಸಿಯಲ್ಲಿ ಅದೇ ಜಾಗದಲ್ಲಿ ಬೇರೆ ಮಾತಿದೆ: ಪರ್ಮಿಟ್ ಇದ್ದು ಬಳಸಿದರೆ, ಅಥವಾ ಕಾಯ್ದೆಯ ಸೆಕ್ಷನ್ 66(3)ರಲ್ಲಿ ಪರ್ಮಿಟ್ಟಿನಿಂದ ವಿನಾಯಿತಿ ಪಡೆದ ವಾಹನವಾಗಿದ್ದರೆ ಮಾತ್ರ ರಕ್ಷಣೆ ಉಂಟು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಈ ವಿನಾಯಿತಿ ಇದೆ. ಟಾಟಾ ಏಸ್‌ನಂಥ ಸಣ್ಣ ಗಾಡಿಗಳು ಇದರೊಳಗೆ ಆರಾಮಾಗಿ ಬರುತ್ತವೆ. ಪಿಕಪ್‌ಗಳಲ್ಲಿ ಕೆಲವು ಒಳಗೆ, ಕೆಲವು ಹೊರಗೆ. ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕ ನೋಡದೆ, 'ಪಿಕಪ್ ತಾನೆ, ಪರ್ಮಿಟ್ ಯಾಕೆ' ಎಂದು ಹೊರಟವರಿಗೆ ಸೆಕ್ಷನ್ 192ಎ ಅಡಿ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗಿನ ಸಜೆಯ ಅಪಾಯವಿದೆ.

ಟ್ರಾಲಿಯ ವಿಚಾರದಲ್ಲಿ ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣ ದಾರಿ ತೋರಿಸುತ್ತದೆ. ನಟವರ್ ಪಾರೀಖ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ, ಟ್ರ್ಯಾಕ್ಟರ್ ತಾನಾಗಿ ಸರಕು ಹೊರುವ ವಾಹನವಲ್ಲದಿದ್ದರೂ ಟ್ರೇಲರ್ ಜೋಡಿಸಿ ಸರಕು ಸಾಗಿಸಿದಾಗ ಎರಡೂ ಸೇರಿ ಸರಕು ವಾಹನವಾಗುತ್ತವೆ ಎಂದು ಹೇಳಿತು. ಹಳ್ಳಿಯ ಮಾತಿನಲ್ಲಿ ಟ್ರಾಲಿ ಟ್ರ್ಯಾಕ್ಟರಿನ ಬಾಲ. ಕಾನೂನಿನ ಕಣ್ಣಿಗೆ ಅದು ತನ್ನದೇ ನೋಂದಣಿ ಮತ್ತು ತನ್ನದೇ ವಿಮೆ ಬೇಡುವ ವಾಹನ. ಟ್ರ್ಯಾಕ್ಟರಿನ ಪಾಲಿಸಿಯಲ್ಲಿ ಟ್ರಾಲಿಯ ಉಲ್ಲೇಖವಿಲ್ಲದೆ, ಟ್ರಾಲಿಯೇ ಮಗುಚಿ ಯಾರಿಗಾದರೂ ಪೆಟ್ಟಾದರೆ ವಿಮಾ ಕಂಪನಿಯ ವಕೀಲರು ಎತ್ತುವ ಮೊದಲ ತಕರಾರು ಅದೇ. ಪಕ್ಕದ ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ, ನಂಬರೇ ಇಲ್ಲದ ಟ್ರಾಲಿಗಳು ನಮ್ಮ ಕಡೆ ಎಷ್ಟಿವೆ ಎಂಬುದನ್ನು ಯಾವ ಎಪಿಎಂಸಿ ಯಾರ್ಡಿನ ಎದುರು ನಿಂತರೂ ಎಣಿಸಬಹುದು.

ಇಲ್ಲಿ ನಿಯಮದ ಬಗ್ಗೆಯೂ ಒಂದು ಮಾತು ಹೇಳಬೇಕು. ತನ್ನ ಹೊಲದ ಬದುವಿನ ನೀಲಗಿರಿಯನ್ನು ತಾನೇ ಕಡಿದು, ತನ್ನದೇ ಟ್ರ್ಯಾಕ್ಟರಿನಲ್ಲಿ ಸೌದೆ ಡಿಪೋಗೆ ತಂದು ಮಾರುವ ರೈತನ ಕೆಲಸ ಕೃಷಿಯೋ ವ್ಯಾಪಾರವೋ? ಮೆಕ್ಕೆಜೋಳವನ್ನು ಮಾರುಕಟ್ಟೆಗೆ ತಂದರೆ ಯಾರೂ ವ್ಯಾಪಾರ ಎನ್ನುವುದಿಲ್ಲ. ಹೊಲದಲ್ಲೇ ಬೆಳೆದ ಮರಕ್ಕೂ ಅದೇ ನ್ಯಾಯ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದೇ ರೈತ ಮರುದಿನ ಪಕ್ಕದ ಹೊಲದವರ ಸೌದೆಯನ್ನು ಲೋಡಿಗೆ ಇಷ್ಟೆಂದು ಮಾತಾಡಿಕೊಂಡು ತಂದರೆ ಅದು ಬಾಡಿಗೆಯೇ, ಅದರಲ್ಲಿ ಸಂಶಯವಿಲ್ಲ. ಒಂದೇ ಗಾಡಿ, ಒಂದೇ ದಾರಿ, ಒಂದೇ ಜಾತಿಯ ಮರ, ಬೇರೆ ಬೇರೆ ಫಲ. ಈ ವ್ಯತ್ಯಾಸವನ್ನು ಸಾಬೀತು ಮಾಡುವ ಕಾಗದ ರೈತನ ಬಳಿ ಸಾಮಾನ್ಯವಾಗಿ ಇರುವುದಿಲ್ಲ. ಡಿಪೋದವರು ಕೊಡುವ ತೂಕದ ಚೀಟಿಯಲ್ಲಿ ಸೌದೆಯ ಒಡೆಯನ ಹೆಸರು, ಹಳ್ಳಿ, ಸರ್ವೆ ನಂಬರ್ ಬರೆಸಿಕೊಂಡು, ಪಹಣಿಯ ಪ್ರತಿಯೊಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳುವುದು ಖರ್ಚಿಲ್ಲದ ಸಣ್ಣ ಕೆಲಸ. ಮುಂದೆ ತಕರಾರು ಬಂದರೆ ಅದೇ ದೊಡ್ಡ ಆಧಾರ.

ಷರತ್ತು ಮುರಿದರೆ ಏನಾಗುತ್ತದೆ? ಇದನ್ನು ಎರಡು ಭಾಗವಾಗಿ ನೋಡಬೇಕು, ಏಕೆಂದರೆ ಎಲ್ಲ ತಪ್ಪಿಗೂ ಒಂದೇ ಶಿಕ್ಷೆ ಇಲ್ಲ. ಸಂತ್ರಸ್ತರಿಗೆ ಪರಿಹಾರ ಕೊಡುವ ಹೊಣೆಯಿಂದ ನುಣುಚಿಕೊಳ್ಳಲು ವಿಮಾ ಕಂಪನಿ ಯಾವ ಯಾವ ಕಾರಣ ಹೇಳಬಹುದು ಎಂಬುದನ್ನು ಸೆಕ್ಷನ್ 150(2) ಪಟ್ಟಿ ಮಾಡಿದೆ. ಬಾಡಿಗೆಗೆ ಓಡಿಸಲು ಪರ್ಮಿಟ್ ಇಲ್ಲದ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದು, ಚಾಲಕನಿಗೆ ಸರಿಯಾದ ಲೈಸೆನ್ಸ್ ಇಲ್ಲದಿರುವುದು, ಕುಡಿದು ಓಡಿಸಿದ್ದು, ಮುಖ್ಯ ಸಂಗತಿ ಮುಚ್ಚಿಟ್ಟು ಪಾಲಿಸಿ ಪಡೆದದ್ದು ಆ ಪಟ್ಟಿಯಲ್ಲಿವೆ. ಹೆಚ್ಚು ತೂಕ ಹೇರಿದ್ದು ಅದರಲ್ಲಿ ಇಲ್ಲ. ಅಂದರೆ, ಓವರ್‌ಲೋಡ್ ಆದ ಏಸ್ ಗಾಡಿ ದಾರಿಹೋಕನಿಗೆ ಗುದ್ದಿದರೆ ಕೇವಲ ಅಧಿಕ ಭಾರದ ಕಾರಣಕ್ಕೆ ಕಂಪನಿ ಕೈತೊಳೆದುಕೊಳ್ಳಲಾಗದು. ಆದರೆ ಕೃಷಿ ಪಾಲಿಸಿಯ ಟ್ರ್ಯಾಕ್ಟರ್ ಬಾಡಿಗೆ ಸೌದೆ ಹೊತ್ತು ಗುದ್ದಿದರೆ ತಕರಾರು ತೆಗೆಯಲು ಅದಕ್ಕೆ ಜಾಗ ಸಿಗುತ್ತದೆ. ಜನ ಸಾಮಾನ್ಯವಾಗಿ ಇದನ್ನು ತಿರುವುಮುರುವಾಗಿ ತಿಳಿದಿದ್ದಾರೆ.

ತಕರಾರು ಗೆದ್ದರೂ ಸಂತ್ರಸ್ತರು ಬರಿಗೈಯಲ್ಲಿ ಹೋಗಬಾರದೆಂದು ನ್ಯಾಯಾಲಯಗಳು ಕಂಡುಕೊಂಡ ದಾರಿ 'ಮೊದಲು ಕೊಡು, ಆಮೇಲೆ ವಸೂಲು ಮಾಡಿಕೊ' ಎಂಬುದು. ಲೈಸೆನ್ಸಿನ ತಕರಾರಿಗೆ ಸಂಬಂಧಿಸಿದಂತೆ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ, ಪರ್ಮಿಟ್ ಇಲ್ಲದಿರುವುದಕ್ಕೆ ಸಂಬಂಧಿಸಿದಂತೆ 2018ರ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿ ಹಿಡಿಯಿತು. ಕಂಪನಿ ಗಾಯಾಳುವಿಗೋ ಮೃತನ ಕುಟುಂಬಕ್ಕೋ ಹಣ ಕಟ್ಟುತ್ತದೆ, ಬಳಿಕ ಗಾಡಿಯ ಮಾಲೀಕನ ಹಿಂದೆ ಬೀಳುತ್ತದೆ. ಅದಕ್ಕೆ ಬೇರೆ ದಾವೆ ಹೂಡಬೇಕಾಗಿಯೂ ಇಲ್ಲ, ಅದೇ ತೀರ್ಪನ್ನು ಜಾರಿಗೆ ತರಿಸಬಹುದು. ಸಾವಿನ ಪ್ರಕರಣಗಳಲ್ಲಿ ಪರಿಹಾರಕ್ಕೆ ಇಷ್ಟೇ ಎಂಬ ಮೇಲ್ಮಿತಿ ಇಲ್ಲ. ಸತ್ತವನ ವಯಸ್ಸು, ದುಡಿಮೆ, ಅವಲಂಬಿತರ ಲೆಕ್ಕದಲ್ಲಿ ಅದು ಹಲವು ಲಕ್ಷಗಳಿಗೆ ಏರುತ್ತದೆ. ಮೂರು ಎಕರೆ ಖುಷ್ಕಿ ಮತ್ತು ಸಾಲದ ಮೇಲೆ ತಂದ ಟ್ರ್ಯಾಕ್ಟರ್ ಇರುವ ಮನುಷ್ಯನ ಮೇಲೆ ಈ ವಸೂಲಿ ಬಿದ್ದರೆ, 'ಇನ್ಶೂರೆನ್ಸ್ ಐತ್ರಿ' ಎಂಬ ಮಾತಿಗೆ ಉಳಿಯುವ ಬೆಲೆ ಏನು?

ಇನ್ನು ಭಾರದ ಲೆಕ್ಕ. ಸೌದೆಯ ತೂಕ ಕಣ್ಣಿಗೆ ಮೋಸ ಮಾಡುತ್ತದೆ. ಏಸ್ ಗಾಡಿಯ ಬಾಡಿ ಸುಮಾರು ಏಳು ಅಡಿ ಉದ್ದ, ಐದು ಅಡಿ ಅಗಲ. ಅದರಲ್ಲಿ ಒಂದು ಅಡಿ ಎತ್ತರ ಪೇರಿಸಿದರೆ 35 ಘನ ಅಡಿ, ಹತ್ತಿರಹತ್ತಿರ ಒಂದು ಘನ ಮೀಟರ್. ಕೊರಡುಗಳ ನಡುವಿನ ಸಂದು ಕಳೆದರೆ ಅದರಲ್ಲಿ ಗಟ್ಟಿ ಮರ ಶೇ 60ರಷ್ಟು. ಆಗಷ್ಟೇ ಕಡಿದ ಹಸಿ ನೀಲಗಿರಿ ಘನ ಮೀಟರಿಗೆ ಒಂದು ಟನ್ನಿನ ಆಸುಪಾಸು ತೂಗುವುದರಿಂದ, ಆ ಒಂದು ಅಡಿಯ ಪದರವೇ 600 ಕೆ.ಜಿ. ಆಗುತ್ತದೆ. ಗಾಡಿಯ ಹೊರುವ ಶಕ್ತಿ ಮುಕ್ಕಾಲು ಟನ್ನಿನಷ್ಟು. ಅಂದರೆ ಪಕ್ಕದ ತಗಡಿನ ಮಟ್ಟಕ್ಕೆ ಬಂದಾಗಲೇ ಲೋಡು ಮುಗಿಯಿತು. ನಮ್ಮ ಕಣ್ಣಿಗೆ ಅದು 'ಅರ್ಧ ಗಾಡಿ'ಯಂತೆ ಕಾಣುತ್ತದೆ, ಕೊಳ್ಳುವವರು ಮುಖ ಸಿಂಡರಿಸುತ್ತಾರೆ, ಆದ್ದರಿಂದ ಇನ್ನೂ ಎರಡು ಅಡಿ ಏರುತ್ತದೆ. ಮೂರು ಅಡಿಗೆ 1,800 ಕೆ.ಜಿ. ಅದೇ ಮರ ಒಂದು ಬೇಸಿಗೆ ಒಣಗಿದ್ದರೆ ಇಷ್ಟೇ ಗಾತ್ರ ಮೂರನೇ ಒಂದು ಭಾಗ ಹಗುರಾಗುತ್ತಿತ್ತು. ಆದರೆ ಅಡಿಕೆ ಸುಗ್ಗಿ ಬರುವುದು ಮಳೆಗಾಲದ ಬಾಲ ಹಿಡಿದು. ಆಗ ಬರುವ ಸೌದೆ ಒಂದೋ ಹಸಿ, ಇಲ್ಲವೇ ಮಳೆಯಲ್ಲಿ ನೆನೆದದ್ದು. ತೂಕದ ಮೇಲೆ ದರ ಕಟ್ಟುವ ವ್ಯಾಪಾರದಲ್ಲಿ ಒಣಗಿಸಿ ತರಲು ಮಾರುವವನಿಗೆ ಪ್ರೇರಣೆಯೂ ಇಲ್ಲ. ನೀರಿಗೆ ದುಡ್ಡು ಕೊಟ್ಟು, ನೀರನ್ನು ಹೊರಿಸಿ, ನೀರಿಗೆ ದಂಡವನ್ನೂ ಕಟ್ಟುವ ವ್ಯವಹಾರ ಇದು.

ದಂಡ ಸಣ್ಣದಲ್ಲ. 2019ರ ತಿದ್ದುಪಡಿಯ ನಂತರ ಸೆಕ್ಷನ್ 194ರ ಪ್ರಕಾರ ಅಧಿಕ ಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ, ಜೊತೆಗೆ ಹೆಚ್ಚಿನ ಸರಕನ್ನು ಇಳಿಸುವ ಖರ್ಚು. ಇಳಿಸುವವರೆಗೆ ಗಾಡಿ ಮುಂದೆ ಹೋಗುವಂತಿಲ್ಲ. ಸರಕು ಬಾಡಿಯಿಂದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದ್ದರೆ ಅಥವಾ ಅನುಮತಿಸಿದ ಎತ್ತರ ಮೀರಿದ್ದರೆ ಅದಕ್ಕೇ ಬೇರೆ 20,000. ಕೆಂಪು ಬಟ್ಟೆ ಕಟ್ಟಿದ ಮಾತ್ರಕ್ಕೆ ಈ ಉಪಕಲಂನಿಂದ ಪಾರಾಗಲು ಬರುವುದಿಲ್ಲ. ಅಧಿಕಾರಿ ತೂಗಿಸಲು ಹೇಳಿದಾಗ ನಿಲ್ಲಿಸದೆ ಹೋದರೆ, ಅಥವಾ ತೂಗಿಸುವ ಮುನ್ನ ಸರಕನ್ನು ಇಳಿಸಿಬಿಟ್ಟರೆ 40,000. ಮುಂದಿನ ದಾರಿಯಲ್ಲಿ 10 ಕಿ.ಮೀ. ಒಳಗೆ ಅಥವಾ ತಲುಪುವ ಸ್ಥಳದಿಂದ 20 ಕಿ.ಮೀ. ಒಳಗೆ ವೇ ಬ್ರಿಡ್ಜ್ ಇದ್ದರೆ ಅಲ್ಲಿಗೆ ಒಯ್ದು ತೂಗಿಸುವಂತೆ ಹೇಳುವ ಅಧಿಕಾರವನ್ನು ಸೆಕ್ಷನ್ 114 ಕೊಟ್ಟಿದೆ. ನಮ್ಮ ಹೆದ್ದಾರಿಗಳ ಬದಿಯಲ್ಲಿ ವೇ ಬ್ರಿಡ್ಜ್‌ಗಳಿಗೆ ಬರವಿಲ್ಲ. ಚಾಲಕನೇ ಹೇರಿಸಿದ್ದು, ನನಗೆ ಗೊತ್ತಿಲ್ಲ ಎಂದು ಮಾಲೀಕ ಜಾರಿಕೊಳ್ಳುವುದೂ ಕಷ್ಟ. ಮಾಲೀಕನಿಗೆ ಗೊತ್ತಿದ್ದೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಿಕೊಳ್ಳಲು ಸೆಕ್ಷನ್ 113(4)ರಲ್ಲಿ ಅವಕಾಶವಿದೆ.

ಓವರ್‌ಲೋಡ್ ಥರ್ಡ್ ಪಾರ್ಟಿ ಪರಿಹಾರಕ್ಕೆ ಅಡ್ಡಿಯಾಗದು ಎಂದೆ. ಆದರೆ ಸ್ವಂತ ಗಾಡಿಯ ರಿಪೇರಿಗೆ ಕ್ಲೇಮ್ ಹಾಕುವಾಗ ಅದು ನೇರವಾಗಿ ಎದುರಾಗುತ್ತದೆ. ಅನುಮತಿಸಿದ್ದಕ್ಕಿಂತ ಹೆಚ್ಚು ಭಾರ ಹೇರಿದ ಗಾಡಿಯ ಕ್ಲೇಮನ್ನು, ಸಲ್ಲಬೇಕಾದ ಮೊತ್ತದ ಶೇ 75ಕ್ಕೆ ಮೀರದಂತೆ ಇತ್ಯರ್ಥ ಮಾಡುವ ಪದ್ಧತಿ ವಿಮಾ ಕಂಪನಿಗಳಲ್ಲಿ ಬಹುಕಾಲದಿಂದ ಇದೆ. 2010ರ ಅಮಲೇಂದು ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾರ್ಗಸೂಚಿಯನ್ನು ಆಧರಿಸಿ, ಷರತ್ತು ಮುರಿದ ಕಾರಣಕ್ಕೆ ಕ್ಲೇಮನ್ನು ಪೂರ್ತಿ ತಿರಸ್ಕರಿಸುವುದು ಸರಿಯಲ್ಲ ಎಂದಿತು. ಮಾಲೀಕರು ಇದನ್ನು ತಿಳಿದಿರಬೇಕು. 'ಓವರ್‌ಲೋಡ್ ಇತ್ತು, ಏನೂ ಬರುವುದಿಲ್ಲ' ಎಂದು ಹಾನಿ ಅಂದಾಜಿಗೆ ಬಂದ ವಿಮಾ ಸರ್ವೇಯರ್ ಬಾಯಿಮಾತಿನಲ್ಲಿ ಹೇಳಿದರೆ ಅದನ್ನೇ ಕೊನೆಯ ಮಾತೆಂದು ಒಪ್ಪಿ ಬರಬೇಕಾಗಿಲ್ಲ, ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಬೇಕು. ಇನ್ನೊಂದು ಸಣ್ಣ ಸಂಗತಿ: ಸರಕು ವಾಹನದ 'ಫುಲ್ ಇನ್ಶೂರೆನ್ಸ್' ಎಂಬುದು ಹೆಸರಿಗೆ ಮಾತ್ರ ಫುಲ್. ಗಾಡಿ ಪೂರ್ತಿ ನಾಶವಾಗದ ಹೊರತು ದೀಪ, ಟೈರು, ಮಡ್‌ಗಾರ್ಡ್, ಬಾನೆಟ್ಟಿನ ಪಕ್ಕದ ಭಾಗಗಳಿಗೆ ಅದರಲ್ಲಿ ಪರಿಹಾರವಿಲ್ಲ. ಬೇಕಾದರೆ ಐಎಂಟಿ 23 ಎಂಬ ಹೆಚ್ಚುವರಿ ಷರತ್ತನ್ನು ಹಣ ಕಟ್ಟಿ ಸೇರಿಸಿಕೊಳ್ಳಬೇಕು. ಕೊರಡು ಏರಿಸಿ ಇಳಿಸುವಾಗ ಮೊದಲು ಒಡೆಯುವುದು ಹಿಂದಿನ ದೀಪ, ಆಮೇಲೆ ಅದು ಹಾಗೆಯೇ ಉಳಿಯುತ್ತದೆ. ಪಿ.ಬಿ. ರಸ್ತೆಯ ಆ ಟ್ರಾಲಿಗೂ ಒಂದು ಕಾಲದಲ್ಲಿ ದೀಪವಿದ್ದಿರಬಹುದು.

ಎಲ್ಲಕ್ಕಿಂತ ಕಳವಳದ ವಿಷಯ ಲೋಡಿನ ಮೇಲೆ ಕೂತವರದು. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಹತ್ತಿಬಂದ ಪ್ರಯಾಣಿಕರಿಗೆ ಥರ್ಡ್ ಪಾರ್ಟಿ ವಿಮೆ ಅನ್ವಯಿಸುವುದಿಲ್ಲ ಎಂದು ಆಶಾ ರಾಣಿ ಪ್ರಕರಣದ ತೀರ್ಪು 2002ರಲ್ಲೇ ಸ್ಪಷ್ಟಪಡಿಸಿದೆ. 1994ರ ತಿದ್ದುಪಡಿಯಿಂದಾಗಿ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಮಾತ್ರ ರಕ್ಷಣೆಯಿದೆ. ಹಾಗಾದರೆ ಹಮಾಲರು ಯಾರು? ಗಾಡಿಯ ಮಾಲೀಕನೇ ಕೂಲಿ ಕೊಟ್ಟು ಕರೆತಂದವರಾದರೆ ಅವರು ಅವನ ನೌಕರರು, ನೌಕರರ ಪರಿಹಾರದ ಕಾನೂನಿನ ವ್ಯಾಪ್ತಿಗೆ ಬರುತ್ತಾರೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸೆಕ್ಷನ್ 145ರ ಹೊಸ ವ್ಯಾಖ್ಯೆಯಂತೂ ಸಾರಿಗೆ ವಾಹನದ ಚಾಲಕನನ್ನೂ ಸಹಕೆಲಸಗಾರನನ್ನೂ 'ಮೂರನೇ ವ್ಯಕ್ತಿ'ಯ ಒಳಗೆ ಸೇರಿಸಿಕೊಂಡಿದೆ. ಇದು ದೊಡ್ಡ ಬದಲಾವಣೆ. ಆದರೆ ನಮ್ಮ ಊರುಗಳಲ್ಲಿ ಸೌದೆ ಹೇರುವ ತಂಡವನ್ನು ಕರೆಯುವವರು ಯಾರೆಂಬುದು ದಿನದಿನಕ್ಕೆ ಬದಲಾಗುತ್ತದೆ. ಒಂದು ದಿನ ಡಿಪೋದವರು, ಇನ್ನೊಂದು ದಿನ ಹೋಟೆಲಿನವರು, ಮತ್ತೊಂದು ದಿನ ಮರ ಗುತ್ತಿಗೆ ಹಿಡಿದ ಮೇಸ್ತ್ರಿ. ಕೂಲಿ ಕೈಗೇ ಸಂದಾಯ, ಹಾಜರಿ ಪುಸ್ತಕ ಇಲ್ಲ. ಅಪಘಾತವಾದ ಮೇಲೆ ಠಾಣೆಯಲ್ಲಿ ಬರೆಸಿದ ಮೊದಲ ಹೇಳಿಕೆಯಲ್ಲಿ 'ಊರಿಗೆ ಹೋಗಲು ಗಾಡಿ ಹತ್ತಿದ್ದೆವು' ಎಂದು ಬಿದ್ದಿದ್ದರೆ, ಮುಂದೆ ಟ್ರಿಬ್ಯೂನಲ್‌ನಲ್ಲಿ 'ನಾವು ಹೇರಲು ಬಂದ ಕೂಲಿಗಳು' ಎಂದು ಸಾಬೀತುಪಡಿಸುವುದು ಬಹಳ ಪ್ರಯಾಸದ ಕೆಲಸ.

ಸರಕು ವಾಹನದ ಪಾಲಿಸಿ ನೌಕರರ ಸಂಖ್ಯೆಯನ್ನೂ ಕಟ್ಟಿಹಾಕುತ್ತದೆ: ಚಾಲಕನನ್ನು ಬಿಟ್ಟು, ಆರ್‌ಸಿಯಲ್ಲಿ ಅನುಮತಿಸಿದ ಸಂಖ್ಯೆಯನ್ನು ಮೀರದಷ್ಟು ಜನ. ಏಸ್ ಗಾಡಿಯ ಕ್ಯಾಬಿನ್ನಿನಲ್ಲಿ ಚಾಲಕನ ಪಕ್ಕ ಒಂದೇ ಸೀಟು. ಟ್ರ್ಯಾಕ್ಟರಿಗಂತೂ ಇರುವುದೇ ಒಂದು ಸೀಟು, ಅದು ಚಾಲಕನದು. ಮಡ್‌ಗಾರ್ಡ್ ಮೇಲೆ ಕೂತ ನಾಲ್ಕನೆಯವನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ನೌಕರರ ಹೊಣೆಗಾಗಿ ಸೇರಿಸುವ ಐಎಂಟಿ 28ರಂಥ ಷರತ್ತಿಗೆ ತಲೆಗೆ 50 ರೂಪಾಯಿಯಷ್ಟೇ ಪ್ರೀಮಿಯಂ ಇದ್ದರೂ, ನಾನು ನೋಡಿದ ಕೆಲವು ಪಾಲಿಸಿಗಳಲ್ಲಿ ಆ ಅಂಕಣದಲ್ಲಿ 'ಚಾಲಕ 1' ಎಂದಷ್ಟೇ ಇತ್ತು, ಕ್ಲೀನರ್ ಮತ್ತು ಕೂಲಿಯ ಎದುರು ಸೊನ್ನೆ. ನೂರು ರೂಪಾಯಿ ಉಳಿಸಿದ ಏಜೆಂಟನನ್ನು ದೂರುವುದೋ, ಓದದೆ ಮಡಚಿಟ್ಟ ಮಾಲೀಕನನ್ನು ದೂರುವುದೋ ನನಗೆ ತಿಳಿಯದು. ಹಮಾಲರನ್ನು ಬೇರೆ ಆಟೋದಲ್ಲಿ ಕಳಿಸುವ ಖರ್ಚನ್ನು ಲೋಡಿನ ದರದಲ್ಲೇ ಸೇರಿಸುವುದು ಇದಕ್ಕಿರುವ ನೇರ ಉಪಾಯ. ಸ್ವತಃ ಗಾಡಿ ಓಡಿಸುವ ಮಾಲೀಕನಿಗೆ ಮಾತ್ರ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯವಾಗಿ ಬರುತ್ತದೆ, ಅದೂ ಅವನ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ.

ಲೈಸೆನ್ಸಿನ ಮಾತು ಬಂದದ್ದರಿಂದ ಒಂದು ಸಮಾಧಾನದ ಸುದ್ದಿಯನ್ನೂ ಹೇಳಬೇಕು. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇರುವವರು ಹಳದಿ ಬೋರ್ಡಿನ ಸಣ್ಣ ಗಾಡಿ ಓಡಿಸಬಹುದೇ ಎಂಬ ಬಹಳ ವರ್ಷಗಳ ಜಗಳಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೆರೆ ಎಳೆದಿದೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಅವರು ಪ್ರತ್ಯೇಕ ಅನುಮತಿ ಇಲ್ಲದೆ ಓಡಿಸಬಹುದು. ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವನು ಟ್ರಾಲಿ ಜೋಡಿಸಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಎಂದು 2001ರಲ್ಲೇ ಕರ್ನಾಟಕದ ನಾಗಶೆಟ್ಟಿ ಪ್ರಕರಣದಲ್ಲಿ ತೀರ್ಮಾನವಾಗಿತ್ತು. ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರದ ವಿಷಯದಲ್ಲಿ ಈ ಉದಾರತೆ ಇಲ್ಲ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಮಾಡಿಸಬೇಕಾದ ಎಫ್‌ಸಿ ಮುಗಿದಿದ್ದರೆ ಆ ಗಾಡಿಯ ನೋಂದಣಿಯನ್ನೇ ಕಾನೂನು ಸಿಂಧುವೆಂದು ಪರಿಗಣಿಸುವುದಿಲ್ಲ.

ಆರ್‌ಟಿಓ ಮತ್ತು ಪೊಲೀಸರಲ್ಲದೆ ಸೌದೆ ಗಾಡಿಯನ್ನು ತಡೆಯುವ ಅಧಿಕಾರ ಇನ್ನೊಬ್ಬರಿಗಿದೆ, ಅರಣ್ಯ ಇಲಾಖೆಗೆ. ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್, ತೆಂಗಿನಂಥ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬೇವು, ಹುಣಸೆಯ ಮಾತು ಬೇರೆ. ಲೋಡಿನ ನಡುವೆ ನಾಲ್ಕು ಬೇವಿನ ಕೊರಡು ಸೇರಿದ್ದರೂ ಕಡಿಯಲು ಅನುಮತಿ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಸೌದೆ ಸರ್ಕಾರಿ ಅರಣ್ಯದ್ದೆಂದು ಕಂಡುಬಂದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಗಾಡಿಯೇ ಜಪ್ತಿಯಾಗಿ, ಮುಟ್ಟುಗೋಲಿನವರೆಗೂ ಹೋಗಬಹುದು. ಮುಟ್ಟುಗೋಲಾದ ಗಾಡಿಗೆ ಯಾವ ವಿಮೆಯೂ ಪರಿಹಾರ ಕೊಡುವುದಿಲ್ಲ, ಸಾಲದ ಕಂತು ಮಾತ್ರ ನಡೆಯುತ್ತಲೇ ಇರುತ್ತದೆ.

ಗಾಡಿ ಊರು ಸೇರಿದ ಮೇಲೂ ಅಪಾಯ ಮುಗಿಯುವುದಿಲ್ಲ. ಹಗ್ಗ ಬಿಚ್ಚಿದೊಡನೆ ಜಾರಿದ ಕೊರಡು ಪಕ್ಕದಲ್ಲಿ ನಿಲ್ಲಿಸಿದ ಸ್ಕೂಟರಿನ ಮೇಲೋ, ಹಾದುಹೋಗುವವರ ಕಾಲಿನ ಮೇಲೋ ಬಿದ್ದರೆ, ಗಾಡಿ ನಿಂತಿತ್ತು ಎಂಬ ಕಾರಣಕ್ಕೆ ವಿಮೆ ಇಲ್ಲವಾಗುವುದಿಲ್ಲ. ನಿಂತ ವಾಹನವೂ 'ಬಳಕೆ'ಯಲ್ಲಿರಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮೂರನೆಯವರ ಆಸ್ತಿಗಾದ ಹಾನಿಗೆ ವಾಣಿಜ್ಯ ವಾಹನದ ಪಾಲಿಸಿಯಲ್ಲಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಪ್ರೀಮಿಯಂ ಸ್ವಲ್ಪ ಉಳಿಸಲು ಕೆಲವರು ಅದನ್ನು 6,000ಕ್ಕೆ ಇಳಿಸಿಕೊಂಡಿರುತ್ತಾರೆ ಎಂಬುದು ಬೇರೆ ಮಾತು. ಆದರೆ ಗಾಡಿಯಿಂದ ಇಳಿಸಿದ ಸೌದೆಯನ್ನು ಹೆಗಲ ಮೇಲೆ ಹೊತ್ತು ಗಲ್ಲಿ ದಾಟಿ ಹೋಟೆಲಿನ ಹಿತ್ತಿಲಿಗೆ ಒಯ್ಯುವಾಗ ಏನಾದರೂ ಆದರೆ ಲೆಕ್ಕವೇ ಬೇರೆ. ರಸ್ತೆಯ ಎಲ್ಲೆಯ ಹೊರಗೆ, ಸರಕನ್ನು ಗಾಡಿಗೆ ತರುವಾಗ ಅಥವಾ ಇಳಿಸಿದ ಸರಕನ್ನು ಗಾಡಿಯಿಂದ ಒಯ್ಯುವಾಗ ಆಗುವ ಸಾವು, ಗಾಯ, ನಷ್ಟಕ್ಕೆ ಕಂಪನಿ ಹೊಣೆಯಲ್ಲ ಎಂದು ಸರಕು ವಾಹನದ ಪಾಲಿಸಿಯಲ್ಲೇ ಬರೆದಿದೆ. ಅಂದು ಆ ಹೋಟೆಲಿನ ಹಿತ್ತಿಲಿನ ಬಾಗಿಲು ರಸ್ತೆಯಿಂದ ಮೂವತ್ತು ಹೆಜ್ಜೆ ಒಳಗಿತ್ತು. ಟ್ರ್ಯಾಕ್ಟರ್ ಅಲ್ಲೇ ಪಕ್ಕಕ್ಕೆ ನಿಂತಿತ್ತು. ಲೋಡಿನಿಂದ ಇಳಿದ ಮೂವರೂ ಟವೆಲ್ಲನ್ನು ಸಿಂಬಿ ಮಾಡಿ ಹೆಗಲಿಗೆ ಇಟ್ಟುಕೊಂಡು, ಒಂದೊಂದೇ ಕೊರಡು ಹೊತ್ತು ಒಳಗೆ ನಡೆಯತೊಡಗಿದರು.